ಒಂದು ಸಾವು, ಎರಡು ಹೊತ್ತು

ಜಯಲಲಿತಾ ಅವರ ಸಾವಿಗೆ ದಾಖಲೆಗಳಲ್ಲಿ ಎರಡು ಹೊತ್ತುಗಳಿವೆ. ಚೆನ್ನೈನ ಅಪೊಲೊ ಆಸ್ಪತ್ರೆ ಪ್ರಕಟಿಸಿದ್ದು 2016ರ ಡಿಸೆಂಬರ್ 5, ಸೋಮವಾರ ರಾತ್ರಿ 11:30. ಆ ಸಾವಿನ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಎ. ಆರುಮುಗಸ್ವಾಮಿ ಆಯೋಗ ತನ್ನ ವರದಿಯಲ್ಲಿ ಬರೆದದ್ದು ಡಿಸೆಂಬರ್ 4, ಭಾನುವಾರ ಮಧ್ಯಾಹ್ನ 3ರಿಂದ 3:50ರ ನಡುವೆ. 2022ರ ಅಕ್ಟೋಬರ್‌ನಲ್ಲಿ ಆ ವರದಿ ತಮಿಳುನಾಡು ವಿಧಾನಸಭೆಯ ಮುಂದೆ ಬಂದಾಗ ಎದ್ದ ಗದ್ದಲ ರಾಜಕೀಯದ್ದು: ಯಾರಿಗೆ ಏನು ಗೊತ್ತಿತ್ತು, ಯಾರು ಏನು ಹೇಳಲಿಲ್ಲ ಎಂಬುದು. ಅದಕ್ಕೆ ಎರಡು ತಿಂಗಳ ಮುಂಚೆ ದೆಹಲಿಯ ಏಮ್ಸ್ ವೈದ್ಯರ ಮಂಡಳಿ, ಚಿಕಿತ್ಸೆ ಸರಿಯಾದ ಕ್ರಮದಲ್ಲೇ ನಡೆದಿತ್ತು ಎಂದು ಹೇಳಿತ್ತು. ಆ ಜಗಳವನ್ನು ಅಲ್ಲಿಗೇ ಬಿಡೋಣ. ಅದರ ಗಲಾಟೆಯಲ್ಲಿ ಒಂದು ಪ್ರಶ್ನೆ ಕೇಳಿಸದೇ ಹೋಯಿತು. ಇಡೀ ದೇಶ ಕಣ್ಣಿಟ್ಟು ನೋಡುತ್ತಿದ್ದ ಆಸ್ಪತ್ರೆಯೊಂದರಲ್ಲಿ ಒಬ್ಬರ ಸಾವಿಗೆ ಎರಡು ಹೊತ್ತು ಇರುವುದು ಸಾಧ್ಯವಾದದ್ದು ಹೇಗೆ?

ನೂರು ವರ್ಷದ ಹಿಂದೆ ಇದು ಸಾಧ್ಯವಿರಲಿಲ್ಲ. ನಾಡಿ ನಿಂತಿತು ಎಂದರೆ ಮುಗಿಯಿತು. ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದ ಮನೆಯ ಹಿರಿಯರಿಗೂ, ಎದೆಗೆ ಸ್ಟೆತಸ್ಕೋಪ್ ಒತ್ತುತ್ತಿದ್ದ ಡಾಕ್ಟರಿಗೂ ಈ ವಿಷಯದಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಹೃದಯ ನಿಲ್ಲುವುದು, ಉಸಿರು ನಿಲ್ಲುವುದು, ಮೆದುಳು ಆರಿಹೋಗುವುದು ಕೆಲವೇ ನಿಮಿಷಗಳಲ್ಲಿ ಒಂದರ ಹಿಂದೆ ಒಂದು ನಡೆದುಹೋಗುತ್ತಿದ್ದುದರಿಂದ ಅವು ಮೂರು ಬೇರೆ ಬೇರೆ ಘಟನೆಗಳೆಂದು ಯಾರಿಗೂ ಅನ್ನಿಸಬೇಕಾಗಿರಲಿಲ್ಲ. ಆ ಮೂರನ್ನು ಬಿಡಿಸಿದ್ದು ಇಪ್ಪತ್ತನೆಯ ಶತಮಾನದ ವೈದ್ಯಕೀಯ. ಬಿಡಿಸಿದ ಮೇಲೆ ನಡುವೆ ಉಳಿದ ಜಾಗದಲ್ಲಿ ಸಿಕ್ಕಿಕೊಂಡವರ ಕಥೆ ಇದು.

ಮೇಲುಕೋಟೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಶಾಲೆಗೆ ಹೋಗಿ, ‘ಚಿನ್ನದ ಗೊಂಬೆ’ಯ ನಾಯಕಿಯಾಗಿ ಕನ್ನಡದ ತೆರೆಯ ಮೇಲೆ ಬಂದು, ಕೊನೆಗೆ ತಮಿಳುನಾಡಿನ ‘ಅಮ್ಮ’ ಆದ ಜಯಲಲಿತಾ 2016ರ ಸೆಪ್ಟೆಂಬರ್ 22ರಂದು ಗ್ರೀಮ್ಸ್ ರಸ್ತೆಯ ಅಪೊಲೊ ಸೇರಿದರು. ಡಿಸೆಂಬರ್ 4ರಂದು ಅವರಿಗೆ ‘ಕಾರ್ಡಿಯಾಕ್ ಅರೆಸ್ಟ್’ ಆಗಿದೆ ಎಂದು ಆಸ್ಪತ್ರೆ ಹೇಳಿತು. ಎಕ್ಮೋ ಎಂಬ ಯಂತ್ರಕ್ಕೆ ಜೋಡಿಸಲಾಗಿದೆ ಎಂದೂ ಹೇಳಿತು. ಮರುದಿನ ಸಂಜೆ ಕೆಲವು ತಮಿಳು ವಾಹಿನಿಗಳು ಸಾವಿನ ಸುದ್ದಿ ಬಿತ್ತರಿಸಿದವು. ರಾಯಪೇಟೆಯ ಪಕ್ಷದ ಕಚೇರಿಯಲ್ಲಿ ಬಾವುಟ ಅರ್ಧಕ್ಕೆ ಇಳಿಯಿತು. ಆಸ್ಪತ್ರೆ ಸುದ್ದಿಯನ್ನು ಅಲ್ಲಗಳೆಯಿತು. ಬಾವುಟ ಮತ್ತೆ ಮೇಲೇರಿತು. ನಡುರಾತ್ರಿ ದಾಟಿದ ಮೇಲೆ ಅಧಿಕೃತ ಪ್ರಕಟಣೆ ಬಂತು.

ಎಕ್ಮೋ ಎಂಬ ಶಬ್ದವನ್ನು ದೇಶದ ಬಹುಪಾಲು ಜನ ಮೊದಲ ಸಲ ಕೇಳಿದ್ದು ಅಂದು. ರಕ್ತನಾಳದಿಂದ ರಕ್ತವನ್ನು ಹೊರಗೆಳೆದು, ಅದಕ್ಕೆ ಆಮ್ಲಜನಕ ಬೆರೆಸಿ, ಪಂಪಿನಿಂದ ಮತ್ತೆ ದೇಹದೊಳಕ್ಕೆ ದೂಡುವ ಯಂತ್ರ ಅದು. ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಹೊರಗೆ ಕೂತು ಮಾಡುತ್ತದೆ. ಅದು ಓಡುತ್ತಿರುವಷ್ಟು ಹೊತ್ತು ಹೃದಯ ನಿಂತೇ ಇದ್ದರೂ ಮೈ ಬೆಚ್ಚಗಿರುತ್ತದೆ. ಹಾಗಾಗಿ ಆ ಯಂತ್ರದ ಮೇಲಿರುವವರ ಬಗ್ಗೆ ‘ಬದುಕಿದ್ದಾರೆಯೇ’ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ ಸಾಲುವುದಿಲ್ಲ. ಸುದ್ದಿಮನೆಗಳು ಅಂದು ಕೇಳುತ್ತಿದ್ದದ್ದು ಹೃದಯ ಮತ್ತೆ ಬಡಿಯುತ್ತದೆಯೇ ಎಂದು. ತೀವ್ರ ನಿಗಾ ಘಟಕದ ವೈದ್ಯರಿಗೆ ಇಂಥ ಸಂದರ್ಭದಲ್ಲಿ ಕಾಡುವ ಪ್ರಶ್ನೆ ಇನ್ನೊಂದಿದೆ: ಹೃದಯ ನಿಂತಿದ್ದಷ್ಟು ಹೊತ್ತು ಮೆದುಳಿನ ಗತಿ ಏನಾಯಿತು?

ಇಲ್ಲಿ ಶಬ್ದಗಳ ತೊಡಕನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು. ಕನ್ನಡದ ಸುದ್ದಿಗಳಲ್ಲಿ ‘ಹೃದಯಾಘಾತ’ ಎಂಬ ಒಂದೇ ಪದ ಎರಡು ಬೇರೆ ಘಟನೆಗಳಿಗೆ ಬಳಕೆಯಾಗುತ್ತದೆ. ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ತಡೆ ಉಂಟಾಗಿ ಹೃದಯದ ಸ್ನಾಯುವಿನ ಒಂದು ಭಾಗ ಸಾಯುವುದು ಒಂದು. ತಮಿಳಿನ ‘ಮಾರಡೈಪ್ಪು’ ಇದನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತದೆ: ‘ಮಾರ್’ ಎಂದರೆ ಎದೆ, ‘ಅಡೈಪ್ಪು’ ಎಂದರೆ ಕಟ್ಟಿಕೊಳ್ಳುವುದು. ಇದಾದವರು ಎದೆ ಹಿಡಿದುಕೊಂಡು ತಾವೇ ಆಟೋ ಹತ್ತಿ ಆಸ್ಪತ್ರೆಗೆ ಹೋಗುವುದುಂಟು. ಇನ್ನೊಂದು, ಹೃದಯದ ಮಿಡಿತವೇ ನಿಂತುಹೋಗುವುದು. ಪಠ್ಯಪುಸ್ತಕದ ಕನ್ನಡದಲ್ಲಿ ಹೃದಯ ಸ್ತಂಭನ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು, ಆಗದೆಯೂ ಇರಬಹುದು. ಮೆದುಳಿಗೆ ಅಪಾಯ ಬರುವುದು ಮುಖ್ಯವಾಗಿ ಎರಡನೆಯದರಿಂದ. ಎರಡಕ್ಕೂ ಒಂದೇ ಹೆಸರಿಟ್ಟರೆ, ‘ಹಾರ್ಟ್ ಅಟ್ಯಾಕ್ ಆಗಿತ್ತು, ಹಾರ್ಟ್ ಸರಿಹೋಯಿತು ಅಂದರು, ಮತ್ತೆ ಯಾಕೆ ಕಣ್ಣು ಬಿಡ್ತಿಲ್ಲ’ ಎಂದು ಐಸಿಯು ಬಾಗಿಲಲ್ಲಿ ನಿಂತು ಕೇಳುವ ಮಗನಿಗೆ ಯಾರು ಉತ್ತರ ಹೇಳಬೇಕು?

ಉತ್ತರ ಇರುವುದು ಮೆದುಳಿನ ಮೇಲ್ಪದರದಲ್ಲಿ. ಕಾರ್ಟೆಕ್ಸ್ ಎಂಬ ಲ್ಯಾಟಿನ್ ಮಾತಿಗೆ ಮರದ ತೊಗಟೆ ಎಂದು ಅರ್ಥ, ಹೆಸರು ಚೆನ್ನಾಗಿ ಹೊಂದುತ್ತದೆ. ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪದ, ಸುಕ್ಕುಸುಕ್ಕಾಗಿ ಮಡಿಸಿಕೊಂಡಿರುವ ಈ ತೊಗಟೆಯನ್ನು ಬಿಡಿಸಿ ಹರಡಿದರೆ ಒಂದು ಚಿಕ್ಕ ಟವಲಿನಷ್ಟಾಗುತ್ತದೆ. ನೋಡಿದ್ದು ಏನೆಂದು ತಿಳಿಯುವುದು, ಮಾತು, ಲೆಕ್ಕ, ಸಂಕೋಚ, ಸೇಡು ಎಲ್ಲದಕ್ಕೂ ಇದು ಬೇಕು. ಇದರ ಕೆಳಗೆ, ಕುತ್ತಿಗೆಯ ಕಡೆಗೆ, ಮೆದುಳುಕಾಂಡವಿದೆ. ಉಸಿರು, ನುಂಗುವುದು, ನಿದ್ದೆ ಮತ್ತು ಎಚ್ಚರದ ಸರದಿ ಅದರ ಪಾಲಿನ ಕೆಲಸ.

ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ. 2, ಆಮ್ಲಜನಕದ ಖರ್ಚಿನಲ್ಲಿ ಅದರ ಪಾಲು ಸುಮಾರು ಶೇ. 20. ಇಷ್ಟು ಖರ್ಚಿನ ಅಂಗ ಕೂಡಿಟ್ಟುಕೊಳ್ಳುವುದು ಮಾತ್ರ ಏನೂ ಇಲ್ಲ. ದಿನಗೂಲಿಯವರ ಅಡುಗೆಮನೆಯ ಹಾಗೆ, ಬಂದದ್ದು ಬಂದ ಹಾಗೆ ಖರ್ಚು. ರಕ್ತ ನಿಂತ ಹತ್ತು ಸೆಕೆಂಡಿನೊಳಗೆ ಎಚ್ಚರ ತಪ್ಪುತ್ತದೆ. ನಾಲ್ಕೈದು ನಿಮಿಷ ದಾಟುತ್ತಿದ್ದಂತೆ ನರಕೋಶಗಳು ಸರಿಪಡಿಸಲಾಗದ ಹಾದಿ ಹಿಡಿಯತೊಡಗುತ್ತವೆ. ಎಲ್ಲ ಕೋಶಗಳೂ ಒಟ್ಟಿಗೆ ಅಲ್ಲ. ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್‌ನ ಒಂದು ಭಾಗ, ಕಿರುಮೆದುಳಿನ ದೊಡ್ಡ ಕೋಶಗಳು, ತೊಗಟೆಯ ಆರು ಪದರಗಳಲ್ಲಿ ಮೂರನೆಯದು ಮತ್ತು ಐದನೆಯದು ಬೇಗ ಸೋಲುತ್ತವೆ. ಮೆದುಳುಕಾಂಡ ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ.

ಈ ಸರದಿಯ ವ್ಯತ್ಯಾಸದಲ್ಲೇ ಸಂಕಟವಿದೆ. ಎಂಟೋ ಹತ್ತೋ ನಿಮಿಷದ ನಂತರ ಹೃದಯ ಮತ್ತೆ ಬಡಿಯಿತು ಎನ್ನಿ. ಕೆಲವು ದಿನಗಳಲ್ಲಿ ರೋಗಿ ತಾನೇ ಉಸಿರಾಡಬಹುದು, ಕಣ್ಣು ತೆರೆಯಬಹುದು, ರಾತ್ರಿ ನಿದ್ದೆ ಮಾಡಿ ಬೆಳಿಗ್ಗೆ ಏಳಬಹುದು, ಆಕಳಿಸಬಹುದು. ಅಷ್ಟೆಲ್ಲ ಆದರೂ ತೊಗಟೆ ಮೌನವಾಗಿರಬಹುದು. ತೆರೆದ ಕಣ್ಣಿನ ಎದುರು ಕೂತ ಹೆಂಡತಿಗೆ ಅದು ನೋಟವಲ್ಲ ಎಂದು ನಂಬಿಸುವುದು ಯಾವ ಡಾಕ್ಟರಿಗೂ ಸುಲಭವಲ್ಲ. ಇನ್ನೊಂದು ಕ್ರೂರ ಸಂಗತಿಯಿದೆ: ಹಾನಿಯೆಲ್ಲ ಹೃದಯ ನಿಂತಾಗಲೇ ಆಗುವುದಲ್ಲ. ರಕ್ತ ಮರಳಿದ ಮೇಲೂ ಕೋಶಗಳು ಸಾಯುತ್ತ ಹೋಗುತ್ತವೆ. ಜಪಾನಿನ ತಕಾಕಿ ಕಿರಿನೊ 1982ರಲ್ಲಿ ಇಲಿಜಾತಿಯ ಪ್ರಾಣಿಗಳ ಹಿಪೊಕ್ಯಾಂಪಸ್‌ನಲ್ಲಿ ತೋರಿಸಿದ್ದು ಇದನ್ನೇ. ಮೊದಲ ದಿನ ಚೆನ್ನಾಗಿಯೇ ಕಂಡ ಕೋಶಗಳು ಕೆಲವು ದಿನಗಳ ಮೇಲೆ ಸತ್ತಿದ್ದವು.

ಮೆದುಳಿಗೆ ರಕ್ತ ನಿಂತರೆ ಎಷ್ಟು ಹೊತ್ತಿಗೆ ಏನಾಗುತ್ತದೆ ಎಂದು ಮನುಷ್ಯರಲ್ಲೇ ಅಳೆದದ್ದು 1943ರಲ್ಲಿ, ಅಮೆರಿಕದಲ್ಲಿ. ರಾಲ್ಫ್ ರೋಸನ್ ಮತ್ತು ಸಂಗಡಿಗರು ಕುತ್ತಿಗೆಯ ಸುತ್ತ ಗಾಳಿ ತುಂಬುವ ಪಟ್ಟಿ ಕಟ್ಟಿ, ಮೆದುಳಿಗೆ ಹೋಗುವ ರಕ್ತವನ್ನು ತಡೆದು, ಸೆಕೆಂಡುಗಳ ಲೆಕ್ಕ ಇಟ್ಟರು. ಇಂದಿನ ಯಾವ ನೀತಿ ಸಮಿತಿಯೂ ಒಪ್ಪದ ಪ್ರಯೋಗ. ಆಗ ಅದು ಕೇವಲ ಜ್ಞಾನಕ್ಕಾಗಿ ಜ್ಞಾನ, ಏಕೆಂದರೆ ನಿಂತ ಹೃದಯವನ್ನು ಮರಳಿ ನಡೆಸುವ ವಿದ್ಯೆ ಇನ್ನೂ ಕೈಗೆ ಬಂದಿರಲಿಲ್ಲ. 1947ರಲ್ಲಿ ಕ್ಲೀವ್‌ಲ್ಯಾಂಡಿನ ಕ್ಲಾಡ್ ಬೆಕ್ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಎದೆ ತೆರೆದಿದ್ದ ಹದಿನಾಲ್ಕರ ಹುಡುಗನೊಬ್ಬನ ಹೃದಯಕ್ಕೆ ನೇರವಾಗಿ ವಿದ್ಯುತ್ ಕೊಟ್ಟು ಬದುಕಿಸಿದರು. 1960ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಿಂದ ಬಂದ ಪುಟ್ಟ ವರದಿ ಎಲ್ಲವನ್ನೂ ಬದಲಿಸಿತು. ವಿಲಿಯಂ ಕೌವೆನ್‌ಹೋವೆನ್ ಎಂಬ ವಿದ್ಯುತ್ ಎಂಜಿನಿಯರ್ ಮತ್ತು ಇಬ್ಬರು ಸಹೋದ್ಯೋಗಿಗಳು, ಎದೆ ಕೊಯ್ಯಬೇಕಿಲ್ಲ, ಎರಡು ಕೈಯಿಂದ ಒತ್ತಿದರೆ ಸಾಕು ಎಂದು ತೋರಿಸಿದರು. ಬಾಯಿಂದ ಬಾಯಿಗೆ ಉಸಿರು ಕೊಡುವ ವಿಧಾನವನ್ನು ಪೀಟರ್ ಸಾಫರ್ ಆಗಲೇ ಸಾಬೀತು ಮಾಡಿದ್ದರು. ಎರಡೂ ಸೇರಿ ಸಿಪಿಆರ್ ಆಯಿತು.

ಈ ಸಾಫರ್ ಅವರ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಅರಿವಳಿಕೆ ವೈದ್ಯ ಅವರು. ಲೋಕಕ್ಕೆ ಉಸಿರು ಮರಳಿಸುವುದನ್ನು ಕಲಿಸಿದ ಮನುಷ್ಯನ ಮಗಳು ಎಲಿಜಬೆತ್‌ಗೆ 1966ರಲ್ಲಿ ತೀವ್ರ ಆಸ್ತಮಾ ಬಂತು. ಹೃದಯವನ್ನೂ ಶ್ವಾಸಕೋಶವನ್ನೂ ಮರಳಿ ನಡೆಸಿದರು. ಮೆದುಳನ್ನು ಆಗಲಿಲ್ಲ. ಹುಡುಗಿ ತೀರಿಕೊಂಡಳು. ಅಲ್ಲಿಂದ ಮುಂದೆ ಸಾಫರ್, ಎದೆ ಮತ್ತು ಉಸಿರಿನ ಮರುಜೀವದ ಹೆಸರಿಗೆ ಮೆದುಳಿನ ಹೆಸರನ್ನೂ ಸೇರಿಸಬೇಕೆಂದು ಹಟ ಹಿಡಿದರು. 2003ರಲ್ಲಿ ಸಾಯುವವರೆಗೂ ಅವರ ಕೆಲಸವೆಲ್ಲ ಅದೇ ದಿಕ್ಕಿನಲ್ಲಿ ಸಾಗಿತು. ಸಿಪಿಆರ್ ಎಂಬ ಮೂರಕ್ಷರ ಜಗತ್ತಿನ ಬಾಯಲ್ಲಿ ಉಳಿಯಿತು. ಅವರು ಸೇರಿಸಿದ ನಾಲ್ಕನೆಯ ಅಕ್ಷರ ಉಳಿಯಲಿಲ್ಲ.

ಮದ್ರಾಸಿನಲ್ಲಿ ಈ ಎರಡು ವಿದ್ಯೆಗಳು ಬೇರೆ ಬೇರೆ ಬಾಗಿಲಿನಿಂದ ಒಳಗೆ ಬಂದವು. ಸೆಂಟ್ರಲ್ ನಿಲ್ದಾಣದ ಎದುರಿಗಿರುವ ಜನರಲ್ ಆಸ್ಪತ್ರೆ 1664ರಲ್ಲಿ ಕೋಟೆಯೊಳಗೆ ಈಸ್ಟ್ ಇಂಡಿಯಾ ಕಂಪನಿಯ ಸೈನಿಕರಿಗಾಗಿ ಆರಂಭವಾದದ್ದು. ಅಲ್ಲಿ 1950ರಲ್ಲಿ ಬಿ. ರಾಮಮೂರ್ತಿ ಮೆದುಳಿನ ಶಸ್ತ್ರಚಿಕಿತ್ಸೆಯ ವಿಭಾಗ ಆರಂಭಿಸಿದರು. ಅದರ ಹಿಂದಿನ ವರ್ಷವಷ್ಟೇ ವೆಲ್ಲೂರಿನಲ್ಲಿ ಜೇಕಬ್ ಚಾಂಡಿ ದೇಶದ ಮೊದಲ ಅಂಥ ವಿಭಾಗ ತೆರೆದಿದ್ದರು. 1951ರಲ್ಲಿ ಇಬ್ಬರೂ ಬಲದೇವ್ ಸಿಂಗ್ ಮತ್ತು ಎಸ್.ಟಿ. ನರಸಿಂಹನ್ ಜೊತೆ ಸೇರಿ ಭಾರತದ ನರವಿಜ್ಞಾನ ಸಂಘವನ್ನು ಕಟ್ಟಿದರು. ಮೆದುಳಿನ ಕಥೆ ಇದು. ಹೃದಯದ್ದು ಅಲ್ಲಿಂದ ಕೆಲವೇ ಕಿಲೋಮೀಟರ್ ಆಚೆ, ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ. 1975ರಲ್ಲಿ ಕೆ.ಎಂ. ಚೆರಿಯನ್ ಅಲ್ಲಿ ಭಾರತದ ಮೊದಲ ಯಶಸ್ವಿ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿದರು. ಮೆಕ್ಯಾನಿಕ್ಕುಗಳು, ಗ್ಯಾಂಗ್‌ಮನ್‌ಗಳು, ಟಿಕೆಟ್ ಕಲೆಕ್ಟರುಗಳು ಬರುವ ಆಸ್ಪತ್ರೆ ಅದು. ದೇಶದ ಹೃದಯ ಶಸ್ತ್ರಚಿಕಿತ್ಸೆಯ ಒಂದು ದೊಡ್ಡ ಹೆಜ್ಜೆ ಅಂಥ ಕಡೆ ಬಿದ್ದದ್ದನ್ನು ಈಗ ಕೆಲವರಿಗೆ ನಂಬಲು ಕಷ್ಟವಾಗುತ್ತದೆ.

ಹೃದಯ ಶಸ್ತ್ರಚಿಕಿತ್ಸಕರಿಗೆ ಮೆದುಳಿನ ಗಡಿಯಾರ ಚೆನ್ನಾಗಿ ಗೊತ್ತಿತ್ತು. ಹೃದಯವನ್ನು ಬೇಕೆಂದೇ ನಿಲ್ಲಿಸುವವರು ಅವರು. ನಿಲ್ಲಿಸಿದಷ್ಟು ಹೊತ್ತು ಮೆದುಳನ್ನು ಕಾಯಲೇಬೇಕು. 1950ರಲ್ಲಿ ಟೊರಾಂಟೊದ ವಿಲ್‌ಫ್ರೆಡ್ ಬಿಗೆಲೊ ನಾಯಿಗಳ ಮೈಯನ್ನು ತಂಪುಮಾಡಿ, ತಂಪಾದ ಮೆದುಳು ಕಡಿಮೆ ಆಮ್ಲಜನಕದಲ್ಲಿ ಹೆಚ್ಚು ಹೊತ್ತು ತಾಳುತ್ತದೆ ಎಂದು ತೋರಿಸಿದ್ದರು. 1953ರಲ್ಲಿ ಫಿಲಡೆಲ್ಫಿಯಾದ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರವನ್ನು ಮನುಷ್ಯರ ಮೇಲೆ ಯಶಸ್ವಿಯಾಗಿ ಓಡಿಸಿದರು. 2016ರಲ್ಲಿ ಗ್ರೀಮ್ಸ್ ರಸ್ತೆಯಲ್ಲಿ ಓಡುತ್ತಿದ್ದ ಎಕ್ಮೋ ಅದರ ಮೊಮ್ಮಗು. ಆದರೆ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಯಂತ್ರ ಮೊದಲೇ ಸಿದ್ಧವಿರುತ್ತದೆ. ರೈಲಿನ ಬೋಗಿಯಲ್ಲಿ, ಮದುವೆ ಮಂಟಪದಲ್ಲಿ, ಸ್ನಾನದ ಮನೆಯಲ್ಲಿ ಹೃದಯ ನಿಂತವರಿಗೆ ಅಂಥ ಸಿದ್ಧತೆ ಇಲ್ಲ. ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ 108 ಆಂಬುಲೆನ್ಸ್ ಬಂದದ್ದೇ 2008ರಲ್ಲಿ. ಅದು ಎಷ್ಟೇ ಬೇಗ ಬಂದರೂ ಮೊದಲ ನಾಲ್ಕೈದು ನಿಮಿಷ ಪಕ್ಕದಲ್ಲಿ ನಿಂತವರ ಕೈಯಲ್ಲೇ ಇರುತ್ತದೆ, ಮತ್ತು ಪಕ್ಕದಲ್ಲಿ ನಿಂತವರು ಸಾಮಾನ್ಯವಾಗಿ ಮುಖಕ್ಕೆ ನೀರು ಚಿಮುಕಿಸುತ್ತಿರುತ್ತಾರೆ.

ಹೃದಯಗಳು ಮರಳತೊಡಗಿದ ಮೇಲೆ ವಾರ್ಡುಗಳಲ್ಲಿ ಹೊಸಬಗೆಯ ರೋಗಿಗಳು ಕಾಣಿಸಿಕೊಂಡರು. ಎಚ್ಚರವಿದೆ, ಅರಿವಿಲ್ಲ. ಅವರನ್ನು ಏನೆಂದು ಕರೆಯಬೇಕೆಂದೇ ಯಾರಿಗೂ ಗೊತ್ತಿರಲಿಲ್ಲ. 1972ರಲ್ಲಿ ಗ್ಲಾಸ್ಗೊದ ಬ್ರಯಾನ್ ಜೆನ್ನೆಟ್ ಮತ್ತು ನ್ಯೂಯಾರ್ಕಿನ ಫ್ರೆಡ್ ಪ್ಲಮ್ ಹೆಸರೊಂದನ್ನು ಕೊಟ್ಟರು: ಪರ್ಸಿಸ್ಟೆಂಟ್ ವೆಜಿಟೇಟಿವ್ ಸ್ಟೇಟ್. ಬೆಳೆಯುವುದು, ಉಸಿರಾಡುವುದು ಮುಂತಾದ ಬರಿಯ ಜೀವಕ್ರಿಯೆ ಎಂಬ ಹಳೆಯ ಅರ್ಥದಲ್ಲಿ ಅವರು ಆ ಮಾತನ್ನು ಆರಿಸಿದ್ದು. ಕೇಳಿದವರ ಕಿವಿಗೆ ಬಿದ್ದದ್ದು ತರಕಾರಿ. ಮನೆಯವರಿಗೆ ನೋವಾಗುತ್ತದೆಂದು 2010ರಲ್ಲಿ ಯುರೋಪಿನ ವೈದ್ಯರ ತಂಡವೊಂದು ‘ಪ್ರತಿಕ್ರಿಯೆಯಿಲ್ಲದ ಎಚ್ಚರ’ ಎಂಬ ಅರ್ಥದ ಹೊಸ ಹೆಸರನ್ನು ಮುಂದಿಟ್ಟಿತು. ಕನ್ನಡದಲ್ಲಿ ನಮಗೆ ಸಿಕ್ಕಿರುವುದು ‘ಕೋಮಾ’. ಕೋಮಾದಲ್ಲಿ ಕಣ್ಣು ಮುಚ್ಚಿರುತ್ತದೆ, ಇವರದು ತೆರೆದಿರುತ್ತದೆ. ಇಲ್ಲದಿದ್ದರೆ ‘ಜೀವಚ್ಛವ’ ಎನ್ನುತ್ತೇವೆ. ಅದು ರೋಗದ ಹೆಸರಲ್ಲ, ತೀರ್ಪು.

ಹೃದಯ ನಿಂತು ತೊಗಟೆ ನಾಶವಾದ ಪ್ರಸಂಗಗಳಲ್ಲಿ ಲೋಕಕ್ಕೆಲ್ಲ ಗೊತ್ತಾದದ್ದು ಅಮೆರಿಕದ ಟೆರಿ ಶೈವೊ ಅವರದು. 1990ರ ಫೆಬ್ರವರಿ 25ರಂದು ಅವರ ಹೃದಯ ನಿಂತಿತು, ಮತ್ತೆ ನಡೆಯಿತು. ವರ್ಷಗಟ್ಟಲೆ ಗಂಡನೂ ತಂದೆತಾಯಿಯೂ ನ್ಯಾಯಾಲಯಗಳಲ್ಲಿ ಹೋರಾಡಿದರು. ಗಂಡ ‘ಅವಳು ಹೋಗಿಬಿಟ್ಟಿದ್ದಾಳೆ’ ಎಂಬ ನಿಲುವಿನವನು. ತಂದೆತಾಯಿ ‘ನಮ್ಮನ್ನು ನೋಡಿ ನಗುತ್ತಾಳೆ’ ಎನ್ನುವವರು. 2005ರ ಮಾರ್ಚ್ 31ರಂದು ಆಕೆ ತೀರಿಕೊಂಡ ಮೇಲೆ ಶವಪರೀಕ್ಷೆಯಲ್ಲಿ ಮೆದುಳು ತೂಗಿದ್ದು 615 ಗ್ರಾಂ, ಇರಬೇಕಾದದ್ದರ ಅರ್ಧದಷ್ಟು. ನೋಟಕ್ಕೆ ಬೇಕಾದ ತೊಗಟೆಯೂ ನಾಶವಾಗಿತ್ತು.

ನಮ್ಮ ಕಡೆಯ ಪ್ರಸಂಗದಲ್ಲಿ ಆರಂಭವಾದದ್ದು ಹೃದಯದಿಂದಲ್ಲ, ಆದರೆ ಮೆದುಳಿಗೆ ಆದದ್ದು ಅದೇ ಬಗೆಯ ಹಾನಿ. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ ಅವರ ಕುತ್ತಿಗೆಗೆ 1973ರ ನವೆಂಬರ್ 27ರಂದು ಆಸ್ಪತ್ರೆಯ ಸಿಬ್ಬಂದಿಯೊಬ್ಬ ನಾಯಿಯ ಸರಪಳಿ ಬಿಗಿದು ಅತ್ಯಾಚಾರ ಎಸಗಿದ. ಮೆದುಳಿಗೆ ಆಮ್ಲಜನಕ ನಿಂತಿತು. ಕಣ್ಣು ಚೆನ್ನಾಗಿತ್ತು, ನೋಟ ಹೋಗಿತ್ತು. ಅದೇ ಆಸ್ಪತ್ರೆಯ ವಾರ್ಡಿನಲ್ಲಿ ಅರುಣಾ 2015ರ ಮೇ 18ರವರೆಗೆ, ಅಂದರೆ 41 ವರ್ಷಕ್ಕೂ ಹೆಚ್ಚು ಕಾಲ ಮಲಗಿದ್ದರು. ಜೊತೆಗೆ ಕೆಲಸ ಮಾಡಿದ್ದ ನರ್ಸುಗಳು ನಿವೃತ್ತರಾದರು, ಆಮೇಲೆ ಬಂದವರು ಆಕೆಯ ಆರೈಕೆಯನ್ನು ಕೈಗೆತ್ತಿಕೊಂಡರು. ಪತ್ರಕರ್ತೆ ಪಿಂಕಿ ವಿರಾನಿ ಆಕೆಯನ್ನು ಸಾಯಲು ಬಿಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರಂದು ನ್ಯಾಯಾಲಯ ಎರಡು ಮಾತು ಹೇಳಿತು. ಹೈಕೋರ್ಟಿನ ಅನುಮತಿ ಪಡೆದು ಜೀವಾಧಾರ ಚಿಕಿತ್ಸೆಯನ್ನು ನಿಲ್ಲಿಸಬಹುದು. ಆದರೆ ಅರುಣಾ ಪರವಾಗಿ ಮಾತಾಡುವ ಹಕ್ಕು, ಅಷ್ಟು ವರ್ಷ ನೋಡಿಕೊಂಡ ಕೆಇಎಂ ಸಿಬ್ಬಂದಿಗೆ ಸೇರಿದ್ದು, ಮತ್ತು ಅವರಿಗೆ ಆಕೆ ಬೇಕು.

ಇದೇ ಕಾಲದಲ್ಲಿ ಚೆನ್ನೈ ಬೇರೊಂದು ಬಗೆಯ ಮೆದುಳಿನ ಸಾವನ್ನು ನಿಭಾಯಿಸಲು ಕಲಿಯುತ್ತಿತ್ತು. 1994ರ ಅಂಗಾಂಗ ಕಸಿ ಕಾಯ್ದೆ ಮೆದುಳುಕಾಂಡ ಪೂರ್ತಿ ನಿಂತುಹೋಗುವುದನ್ನು ಸಾವು ಎಂದು ಒಪ್ಪಿತು. ನಾಲ್ವರು ವೈದ್ಯರು, ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಬೇಕು. ಪೆರಂಬೂರಿನ ಅದೇ ಚೆರಿಯನ್ 1995ರಲ್ಲಿ ಚೆನ್ನೈನಲ್ಲಿ ಹೃದಯ ಕಸಿ ಮಾಡಿದರು. 2008ರ ಸೆಪ್ಟೆಂಬರ್‌ನಲ್ಲಿ ತಿರುಕ್ಕಳುಕುಂಡ್ರಂನ ವೈದ್ಯ ದಂಪತಿಯ ಮಗ ಹಿತೇಂದ್ರನ್ ಬೈಕ್ ಅಪಘಾತಕ್ಕೆ ಸಿಕ್ಕಿದ. ಹುಡುಗನಿಗೆ ಹದಿನೈದು. ಮೆದುಳು ಸತ್ತಿದೆ ಎಂದು ತಿಳಿದ ಅಪ್ಪ ಅಮ್ಮ ತಾವಾಗಿಯೇ ಅಂಗಾಂಗ ಕೊಡಲು ಒಪ್ಪಿದರು. ಪೊಲೀಸರು ತೇನಾಂಪೇಟೆಯಿಂದ ಮೊಗಪ್ಪೇರ್‌ವರೆಗೆ ದಾರಿ ತೆರವು ಮಾಡಿದರು. ಹೃದಯ ಹನ್ನೊಂದು ನಿಮಿಷದಲ್ಲಿ ತಲುಪಿತು ಎಂದು ಪತ್ರಿಕೆಗಳು ಬರೆದವು. ಅಲ್ಲಿ, ಚೆರಿಯನ್ ಅವರ ಆಸ್ಪತ್ರೆಯಲ್ಲಿ, ಆ ಹೃದಯಕ್ಕಾಗಿ ಕಾಯುತ್ತಿದ್ದದ್ದು ಬೆಂಗಳೂರಿನ ಒಂಬತ್ತು ವರ್ಷದ ಹುಡುಗಿ. ಮಲಯಾಳದಲ್ಲಿ ‘ಟ್ರಾಫಿಕ್’, ತಮಿಳಿನಲ್ಲಿ ‘ಚೆನ್ನೈಯಿಲ್ ಒರು ನಾಳ್’ ಎಂದು ಸಿನಿಮಾಗಳು ಬಂದವು. ತಮಿಳುನಾಡಿನಲ್ಲಿ ಅಂಗಾಂಗ ದಾನ ಒಂದು ವ್ಯವಸ್ಥೆಯಾಗಿ ನಿಂತಿತು.

ತಮಿಳರು ಇದಕ್ಕೆ ‘ಮೂಳೈಚ್ಚಾವು’ ಎನ್ನುತ್ತಾರೆ. ಕನ್ನಡದ ಕಿವಿಗೆ ಮೂಳೆ ಸತ್ತಂತೆ ಕೇಳಿಸುತ್ತದೆ. ತಮಿಳಿನ ‘ಮೂಳೈ’ ನಮ್ಮ ಮೆದುಳು. ಪದದ ಕೊನೆಯಲ್ಲಿ ಸಾವು ನೇರವಾಗಿ ಕೂತಿದೆ. ಕನ್ನಡ ಪತ್ರಿಕೆಗಳು ಬರೆಯುವುದು ‘ಮೆದುಳು ನಿಷ್ಕ್ರಿಯ’. ಅದು ಮೃದುವಾದ ಮಾತು, ಮತ್ತು ತಪ್ಪು ಮಾತು. ನಿಷ್ಕ್ರಿಯವಾದ ಬ್ಯಾಂಕ್ ಖಾತೆ ಮತ್ತೆ ಸಕ್ರಿಯವಾಗುತ್ತದೆ, ನಿಷ್ಕ್ರಿಯವಾದ ಸಂಘ ಮತ್ತೆ ಚುನಾವಣೆ ನಡೆಸುತ್ತದೆ. ಕಾನೂನಿನ ಕಣ್ಣಲ್ಲಿ ಸತ್ತಿರುವ ಮಗನ ಬಗ್ಗೆ ‘ನಿಷ್ಕ್ರಿಯ’ ಎಂದು ಕೇಳಿಸಿಕೊಂಡ ತಂದೆ, ಇನ್ನೆರಡು ದಿನ ನೋಡೋಣ ಎನ್ನದೆ ಏನು ಮಾಡಿಯಾನು? ಅದೇ ಪದ ತೊಗಟೆ ಮಾತ್ರ ಹಾಳಾದ, ಕಾನೂನಿನ ಕಣ್ಣಲ್ಲಿ ಜೀವಂತವಾಗಿರುವವರಿಗೂ ಬಳಕೆಯಾಗುತ್ತದೆ. ಹಿತೇಂದ್ರನ್ ಮತ್ತು ಅರುಣಾ ಒಂದೇ ಸಾಲಿಗೆ ಸೇರಿಬಿಡುತ್ತಾರೆ. ಒಬ್ಬ ಸತ್ತಿದ್ದ. ಇನ್ನೊಬ್ಬರು ಸತ್ತಿರಲಿಲ್ಲ.

ತೊಗಟೆ ಹಾಳಾದವರ ಮನೆಯವರಿಗೆ ಕಾನೂನು ದಾರಿ ತೋರಿಸಿದ್ದು ತಡವಾಗಿ. 2018ರಲ್ಲಿ ಸಂವಿಧಾನ ಪೀಠ ಘನತೆಯ ಸಾವಿನ ಹಕ್ಕನ್ನೂ ಮುಂಗಡ ಇಚ್ಛಾಪತ್ರವನ್ನೂ ಒಪ್ಪಿತು, ಆದರೆ ಇಟ್ಟ ಷರತ್ತುಗಳು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವಷ್ಟು ಜಟಿಲವಾಗಿದ್ದವು. 2023ರ ಜನವರಿಯಲ್ಲಿ ಅವನ್ನು ಸಡಿಲಿಸಿತು: ಆಸ್ಪತ್ರೆಯ ಎರಡು ವೈದ್ಯ ಮಂಡಳಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ. ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದ್ದು 2025ರ ಜನವರಿ 30ರಂದು.

ಮೆದುಳನ್ನು ಉಳಿಸುವ ಪ್ರಯತ್ನವೂ ಈ ನಡುವೆ ನಡೆಯುತ್ತಲೇ ಇತ್ತು. 2002ರಲ್ಲಿ ಯುರೋಪಿನ ಒಂದು ಅಧ್ಯಯನ, ಹೃದಯ ಮರಳಿದ ಮೇಲೆ ರೋಗಿಯ ಮೈಯನ್ನು 32ರಿಂದ 34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ ಒಂದು ದಿನ ಇಟ್ಟರೆ ಶೇ. 55 ಮಂದಿಯ ಮೆದುಳು ಚೆನ್ನಾಗಿ ಉಳಿಯುತ್ತದೆ, ಹಾಗೆ ಮಾಡದಿದ್ದರೆ ಶೇ. 39 ಎಂದಿತು. ಆಸ್ಟ್ರೇಲಿಯಾದಿಂದಲೂ ಅಂಥದೇ ಸುದ್ದಿ ಬಂತು. ಐಸಿಯುಗಳು ರೋಗಿಗಳನ್ನು ತಂಪುಮಾಡತೊಡಗಿದವು. 2013ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ 33 ಡಿಗ್ರಿಗೂ 36 ಡಿಗ್ರಿಗೂ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ 1,800ಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ, ತಂಪುಮಾಡಿದವರಲ್ಲೂ ಬರಿಯ ಜ್ವರ ಬಾರದಂತೆ ನೋಡಿಕೊಂಡವರಲ್ಲೂ ಆರು ತಿಂಗಳಿಗೆ ಹೆಚ್ಚುಕಡಿಮೆ ಅರ್ಧದಷ್ಟು ಜನ ತೀರಿಕೊಂಡಿದ್ದರು. ಸಾಫರ್ ಹುಡುಕುತ್ತಿದ್ದದ್ದು ಇನ್ನೂ ಸಿಕ್ಕಿಲ್ಲ.

ಯಾರು ಏಳುತ್ತಾರೆ, ಯಾರು ಏಳುವುದಿಲ್ಲ ಎಂದು ಮುಂಚೆಯೇ ಹೇಳುವ ವಿದ್ಯೆ ಮಾತ್ರ ಸ್ವಲ್ಪ ಮುಂದೆ ಬಂದಿದೆ. ಕಣ್ಣುಪಾಪೆ ಬೆಳಕಿಗೆ ಕುಗ್ಗುತ್ತದೆಯೇ, ಇಇಜಿಯ ಗೆರೆ ಹೇಗಿದೆ, ಮಣಿಕಟ್ಟಿಗೆ ಕೊಟ್ಟ ಸಣ್ಣ ವಿದ್ಯುತ್ತು ತೊಗಟೆಯವರೆಗೆ ತಲುಪುತ್ತದೆಯೇ, ಎಂಆರ್‌ಐಯಲ್ಲಿ ಏನು ಕಾಣುತ್ತದೆ ಎಂದೆಲ್ಲ ನೋಡುತ್ತಾರೆ. ಕನಿಷ್ಠ 72 ಗಂಟೆ ಕಾಯದೆ ಕೊನೆಯ ಮಾತು ಹೇಳಬಾರದು ಎಂಬುದು ಈಗಿನ ನಿಯಮ. ಬೇಗ ಕೈಬಿಟ್ಟರೆ ‘ಏಳುವುದಿಲ್ಲ’ ಎಂಬ ಭವಿಷ್ಯ ತಾನಾಗಿಯೇ ನಿಜವಾಗಿಬಿಡುತ್ತದೆ ಎಂಬ ಭಯ ವೈದ್ಯರಿಗೂ ಇದೆ. ತೊಗಟೆಯೊಂದನ್ನೇ ನೋಡಿ ತೀರ್ಮಾನಿಸಬಾರದು ಎಂಬ ಎಚ್ಚರಿಕೆಯೂ ಇದೆ: 1975ರಲ್ಲಿ ಅಮೆರಿಕದಲ್ಲಿ ಅರಿವು ಕಳೆದುಕೊಂಡು ಹತ್ತು ವರ್ಷ ಹಾಗೇ ಇದ್ದ ಕ್ಯಾರೆನ್ ಆನ್ ಕ್ವಿನ್ಲನ್ ಅವರ ಮೆದುಳಿನ ಪರೀಕ್ಷೆಯ ವಿವರ 1994ರಲ್ಲಿ ಪ್ರಕಟವಾದಾಗ, ಅತಿ ಹೆಚ್ಚು ಹಾನಿ ಕಂಡದ್ದು ತೊಗಟೆಯಲ್ಲಲ್ಲ, ಅದರ ಕೆಳಗಿನ ಥಲಾಮಸ್‌ನಲ್ಲಿ. ಆ 72 ಗಂಟೆಗೆ ಖಾಸಗಿ ಆಸ್ಪತ್ರೆಯ ಬಿಲ್ಲಿನಲ್ಲಿ ಎಷ್ಟಾಗುತ್ತದೆ ಎಂಬುದು ನಿಯಮದ ಪುಸ್ತಕದಲ್ಲಿ ಇರುವುದಿಲ್ಲ. ಕೋಲಾರದಿಂದಲೋ ಚಾಮರಾಜನಗರದಿಂದಲೋ ಚೆನ್ನೈಗೆ ಕರೆದುಕೊಂಡು ಬಂದ ಮನೆಯವರು ಲೆಕ್ಕ ಹಾಕುವುದು ಅದನ್ನೂ ಸೇರಿಸಿಯೇ.

2016ರ ಆ ಎರಡು ದಿನಗಳಿಗೆ ಮರಳುವುದಾದರೆ, ಆಯೋಗವೂ ಆಸ್ಪತ್ರೆಯೂ ಬೇರೆ ಬೇರೆ ಗಡಿಯಾರಗಳನ್ನು ನೋಡುತ್ತಿದ್ದವು ಎಂದು ಹೇಳಬಹುದು. ಒಂದು, ಹೃದಯ ನಿಂತ ಹೊತ್ತಿನ ಕಡೆಗಿನ ಗಡಿಯಾರ. ಇನ್ನೊಂದು, ಯಂತ್ರ ಬಿಟ್ಟುಕೊಟ್ಟ ಹೊತ್ತಿನದು. ಸಾವಿನ ಪ್ರಮಾಣಪತ್ರದಲ್ಲಿ ಒಂದೇ ಸಮಯಕ್ಕೆ ಜಾಗವಿರುತ್ತದೆ. ಎರಡು ಹೊತ್ತುಗಳ ನಡುವಿನ ಅಂತರ 31 ಗಂಟೆಗೂ ಹೆಚ್ಚು. ಪಂಚಾಂಗದ ಯಾವ ತಿಥಿಯೂ 27 ಗಂಟೆ ಮೀರಿ ಎಳೆಯುವುದಿಲ್ಲ. ಮೇಲುಕೋಟೆಯ ಕಡೆಯ ಯಾವ ಪುರೋಹಿತರನ್ನು ಕೇಳಿದರೂ, ಯಾವ ಹೊತ್ತನ್ನು ಹಿಡಿಯುತ್ತೀರೋ ಅದರ ಮೇಲೆ ವರ್ಷಾಬ್ದಿಕದ ತಿಥಿಯೂ ಬೇರೆಯಾಗುತ್ತದೆ ಎಂದೇ ಹೇಳಿಯಾರು.